ಪಟ್ಟಲಮ್ಮ ಹೇಳಿ ಬರೆಸಿದ ಬಹುಮಾನಗಳು

ಮಳವಳ್ಳಿ ಪೇಟೆ ಮುಗಿದು ಹಲಗೂರಿನ ರಸ್ತೆ ಶುರುವಾಗುವ ಕಡೆ, ಎಡಗೈಗೆ ಒಂದು ಕಾನ್ವೆಂಟ್ ಶಾಲೆಯಿದೆ. ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ನೂರ ಎಂಬತ್ತಾರು ಮಕ್ಕಳು. ಅವರಲ್ಲಿ ಕ್ರೈಸ್ತರ ಮಕ್ಕಳು ಒಂಬತ್ತು. ಮಿಕ್ಕವರೆಲ್ಲ ಸುತ್ತಲಿನ ಹಳ್ಳಿಗಳ ಗೌಡರ, ಶೆಟ್ಟರ, ಮೇಷ್ಟ್ರುಗಳ, ಅಂಗಡಿಯವರ ಮಕ್ಕಳು. ಬೆಳಿಗ್ಗೆ ಒಂಬತ್ತೂಕಾಲಿಗೆ ಇವರೆಲ್ಲ ಕಣ್ಣು ಮುಚ್ಚಿ, ಅರ್ಥ ಗೊತ್ತಿಲ್ಲದ ಇಂಗ್ಲಿಷಿನಲ್ಲಿ ದೇವರನ್ನು ಬೇಡಿಕೊಳ್ಳುತ್ತಾರೆ. ಅಷ್ಟು ಹೊತ್ತು ಗೇಟಿನಾಚೆ ನಿಂತ ಅಪ್ಪ ಅಮ್ಮಂದಿರು, ಇಂಗ್ಲಿಷು ಸರಿಯಾಗಿ ಹೊಟ್ಟೆಗಿಳಿಯುತ್ತಿದೆ ಎಂಬ ತೃಪ್ತಿಯಿಂದ ಸ್ಕೂಟರ್ ತಿರುಗಿಸುತ್ತಾರೆ.

ಈ ಶಾಲೆಯಲ್ಲಿ ಪಟ್ಟಲಮ್ಮ ಹತ್ತೊಂಬತ್ತು ವರ್ಷದಿಂದ ಆಯಾ. ಗೇಟು ತೆಗೆಯುವುದು, ಕಕ್ಕಸು ತೊಳೆಯುವುದು, ಬೆಲ್ಲು ಹೊಡೆಯುವುದು, ಚಡ್ಡಿ ಒದ್ದೆ ಮಾಡಿಕೊಂಡವರಿಗೆ ಬೇರೆ ಚಡ್ಡಿ ಹಾಕುವುದು, ವಾಂತಿ ಮಾಡಿದವರ ತಲೆ ಹಿಡಿದುಕೊಳ್ಳುವುದು ಅವಳ ಕೆಲಸ. ಊರು ಅಲ್ಲಿಂದ ನಾಲ್ಕು ಕಿಲೋಮೀಟರ್. ಗಂಡ ಮಹದೇವು ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಲ್ಲುವವನು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಊರ ಮಾರಮ್ಮನ ಕ್ಯಾಲೆಂಡರು. ಇಬ್ಬರಿಗೂ ಒಂದೇ ಊದುಬತ್ತಿ. ಒಬ್ಬಳೇ ಮಗಳು ಮಂಜುಶ್ರೀ ಇದೇ ಕಾನ್ವೆಂಟಿನಲ್ಲಿ ಐದನೇ ಕ್ಲಾಸಿನವರೆಗೆ ಓದಿ, ಈಗ ಮಂಡ್ಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಾಳೆ. ಆ ಹುಡುಗಿ ಇಲ್ಲಿ ಓದಿದಷ್ಟು ವರ್ಷವೂ ವಾರ್ಷಿಕೋತ್ಸವದ ವೇದಿಕೆ ಹತ್ತಿದಳು, ಕುರ್ಚಿ ಎತ್ತಿಡುವುದಕ್ಕೆ.

ಬಹುಮಾನಗಳು ಮಾತ್ರ ಪ್ರತಿ ವರ್ಷ ಅದೇ ಏಳೆಂಟು ಮಕ್ಕಳಿಗೆ ಹೋಗುತ್ತಿದ್ದವು. ಯಾರಿಗೆ ಹೋಗುತ್ತದೆ ಎಂದು ತಿಳಿಯಲು ಅಂಕಪಟ್ಟಿ ನೋಡಬೇಕಾಗಿರಲಿಲ್ಲ. ಮುಂದಿನ ಸಾಲಿನ ಸೋಫಾದಲ್ಲಿ ಯಾರಪ್ಪ ಕೂತಿದ್ದಾರೆ ಎಂದು ನೋಡಿದರೆ ಸಾಕಾಗುತ್ತಿತ್ತು.

ಹೀಗಿರುವಾಗ ಒಂದು ಜೂನಿನಲ್ಲಿ ಸಿಸ್ಟರ್ ಲವೀನಾ ಪ್ರಿನ್ಸಿಪಾಲ್ ಆಗಿ ಬಂದರು. ಕಾರ್ಕಳದ ಕಡೆಯವರು, ನಲವತ್ತರ ವಯಸ್ಸು, ವೇಗದ ನಡಿಗೆ. ಬೆಂಗಳೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದ ಅವರ ಬ್ಯಾಗಿನಲ್ಲಿ ಒಂದು ಫೈಲಿತ್ತು, ಫೈಲಿನ ಮೇಲೆ ನಗುವ ನಕ್ಷತ್ರದ ಚಿತ್ರವಿತ್ತು. ಮಾರ್ಚ್ ಮೊದಲ ವಾರ ಅವರು ಟೀಚರುಗಳನ್ನೆಲ್ಲ ಸೇರಿಸಿ ಆ ಫೈಲು ಬಿಚ್ಚಿದರು.

"ಈ ವರ್ಷ ಯಾವ ಮಗುವೂ ಬರಿಗೈಯಲ್ಲಿ ಮನೆಗೆ ಹೋಗಬಾರದು. ನೂರ ಎಂಬತ್ತಾರು ಮಕ್ಕಳಿಗೂ ಒಂದೊಂದು ಪ್ರಶಸ್ತಿಪತ್ರ. ಪ್ರತಿಯೊಂದರಲ್ಲೂ ಆ ಮಗುವಿನ ಒಂದು ಒಳ್ಳೆಯ ಗುಣ ಬರೆಯಬೇಕು. ಒಬ್ಬರದು ಇನ್ನೊಬ್ಬರಿಗೆ ಇರಬಾರದು," ಎಂದರು.

ಟೀಚರುಗಳು ಚಪ್ಪಾಳೆ ತಟ್ಟಿದರು. ಆಮೇಲೆ ಕೂತು ಬರೆಯತೊಡಗಿದರು. ಅರವತ್ತನೇ ಮಗುವಿನ ಹೊತ್ತಿಗೆ ಗುಣಗಳು ಮುಗಿದುಹೋದವು. ಕೈಬರಹ, ಓಟ, ಹಾಡು, ಡ್ಯಾನ್ಸು, ಶಿಸ್ತು, ಹಾಜರಾತಿ, ಎಲ್ಲ ಖಾಲಿ. 'ಅತ್ಯುತ್ತಮ ನಗು' ಎಂಬುದನ್ನು ಮೂವರು ಟೀಚರುಗಳು ಒಬ್ಬರಿಗೊಬ್ಬರು ಹೇಳದೆ ಹದಿನಾಲ್ಕು ಮಕ್ಕಳಿಗೆ ಕೊಟ್ಟಿದ್ದರು. ಅದರಲ್ಲಿ ಹನ್ನೊಂದು ಮಕ್ಕಳಿಗೆ ಆಗ ಮುಂದಿನ ಹಲ್ಲಿರಲಿಲ್ಲ.

ಪಟ್ಟಿ ಪೂರ್ತಿ ಮಾಡುವ ಹೊಣೆ ಬಿದ್ದದ್ದು ನಯನ ಮಿಸ್ಸಿನ ತಲೆಗೆ. ಬೆಸಗರಹಳ್ಳಿಯಿಂದ ಮದ್ದೂರಿಗೊಂದು, ಅಲ್ಲಿಂದ ಮಳವಳ್ಳಿಗೊಂದು, ದಿನಾ ಎರಡು ಬಸ್ಸು ಹತ್ತಿ ಬರುತ್ತಿದ್ದ ಹುಡುಗಿ. ಹೊಸಬಳು, ಆದ್ದರಿಂದ ಎಲ್ಲ ಹೊಣೆಗೂ ಅರ್ಹಳು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಹಣೆ ಹಿಸುಕಿಕೊಳ್ಳುತ್ತಿದ್ದಳು. ಪಟ್ಟಲಮ್ಮ ನೆಲ ಒರೆಸುತ್ತಿದ್ದಳು.

"ಅಶೋಕ್ ಎಂ., ಮೂರನೇ ಕ್ಲಾಸು. ಯಾರಿವನು? ಮುಖವೇ ನೆನಪಾಗ್ತಿಲ್ಲ," ಎಂದು ನಯನ ತನಗೆ ತಾನೇ ಅಂದುಕೊಂಡಳು.

ಪಟ್ಟಲಮ್ಮ ಬಗ್ಗಿದ್ದವಳು ಬಗ್ಗಿದ್ದಂತೆಯೇ ಹೇಳಿದಳು. "ಕೊನೇ ಬೆಂಚ್ನೋನು, ಎಡಗಡೆ ಕಿವಿ ಒಸಿ ಮಡ್ಚಿಕೊಂಡೈತೆ. ಸಂಜೆ ವ್ಯಾನ್ ಬಂದಾಗ ಎಲ್ಲಾ ನುಗ್ತವೆ. ಅವ್ನು ಮಾತ್ರ ಸಣ್ ಐಕ್ಳುನೆಲ್ಲ ಮುಂದಕ್ ಬುಟ್ಟು ಕೊನೇಲಿ ಅತ್ತುತಾನೆ. ಒಂದಿನಾನೂ ಕಿಟಕಿ ಸೀಟು ಸಿಕ್ಕಿಲ್ಲ ಅವನ್ಗೆ."

ನಯನ ಪೆನ್ನು ಕೆಳಗಿಟ್ಟಳು. "ಈ ದೀಪಿಕ?"

"ನಲ್ಲಿ ನಿಲ್ಸೋಳು. ಯಾರಾದ್ರೂ ಕೈ ತೊಳ್ದು ಅಂಗೇ ಬುಟ್ಟು ಓದ್ರೆ, ಕ್ಲಾಸಿಂದ ಎದ್ ಬಂದು ನಿಲ್ಸಿ ಓಯ್ತಾಳೆ. ನೀವು ಅವ್ಳು ಬಾತ್ರೂಮು ಅಂತ ಬಾಳ ಎದ್ದೋಯ್ತಾಳೆ ಅಂತ ಬೈಯ್ತಿದ್ರಲ್ಲ, ಅದು ಇದಕ್ಕೆ."

ಅಂದು ನಯನ ಪಟ್ಟಲಮ್ಮನಿಗೆ ಕುರ್ಚಿ ಎಳೆದು ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಪ್ರತಿಯೊಂದು ಕುರ್ಚಿಯನ್ನೂ ಸಾವಿರ ಸಲ ಒರೆಸಿದ್ದ ಪಟ್ಟಲಮ್ಮ ಅದರಲ್ಲಿ ಕೂತದ್ದು ಅವತ್ತೇ ಮೊದಲು. ತುದಿಯಲ್ಲಿ ಕೂತಳು. ಮೂರು ಮಧ್ಯಾಹ್ನ ಅವಳು ಹೇಳುತ್ತ ಹೋದಳು, ನಯನ ಬರೆಯುತ್ತ ಹೋದಳು. ಎಲ್‌ಕೆಜಿಯ ಒಂದು ಮಗು ನಲವತ್ತೊಂದು ದಿನ ಅತ್ತು, ನಲವತ್ತೆರಡನೇ ದಿನ ತಾನೇ ಕಣ್ಣೊರಸಿಕೊಂಡು ಪಕ್ಕದಲ್ಲಿ ಅಳುತ್ತಿದ್ದವನಿಗೆ ಬಿಸ್ಕತ್ತು ಕೊಟ್ಟಿತ್ತು. ಎರಡನೇ ಕ್ಲಾಸಿನ ಒಬ್ಬಳು ಯಾರ ಚಪ್ಪಲಿ ಅದಲು ಬದಲಾದರೂ ನೋಡಿದೊಡನೆ ಯಾರದೆಂದು ಹೇಳುತ್ತಿದ್ದಳು. ಒಬ್ಬ ಹುಡುಗನ ಹೆಸರು ಬಂದಾಗ ಪಟ್ಟಲಮ್ಮ, "ಇವನ್ಗೆ ಏನೂ ಇಲ್ಲ, ಬುಡಿ," ಎಂದಳು. ಮಾರನೆಯ ದಿನ ಬಂದವಳೇ, "ನೆನ್ನೆಯೆಲ್ಲ ಅವನ್ನೇ ನೋಡ್ತಿದ್ದೆ. ಒಂದೈತೆ. ಒಡೀತಾನೆ, ಆದ್ರೆ ತನಗಿಂತ ದೊಡ್ಡೋರ್ಗೇ ಒಡೀತಾನೆ. ಬರ್ಕಳಿ," ಎಂದಳು. ನಯನ ಅದನ್ನು 'ಧೈರ್ಯಶಾಲಿ' ಎಂದು ಬರೆದುಕೊಂಡಳು.

ಸಿಸ್ಟರ್ ಲವೀನಾ ಅದುವರೆಗೆ ಬರೆದಿದ್ದಷ್ಟು ಪಟ್ಟಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ಚಂದ ಗಮನಿಸಿದ್ದೀರಿ ಮಾರಾಯ್ತಿ," ಎಂದು ನಯನಳನ್ನು ಹೊಗಳಿದರು. ನಯನ ನಿಜ ಹೇಳಿದಳು. ಸಿಸ್ಟರ್ ಕನ್ನಡಕ ಮತ್ತೆ ಏರಿಸಿಕೊಂಡು, "ಸರಿ, ಇದು ಹೊರಗೆ ಗೊತ್ತಾಗುವುದು ಬೇಡ," ಎಂದರು.

ಹೊರಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ವ್ಯಾನಿನ ಡ್ರೈವರುಗಳಿಗೆ ಗೊತ್ತಾದ ಮೇಲೆ ಹಲಗೂರಿನವರೆಗೂ ಗೊತ್ತಾಯಿತು. ಅಲ್ಲಿಂದ ಪಟ್ಟಲಮ್ಮನ ಬಾಳು ಬದಲಾಯಿತು. ಅದುವರೆಗೆ "ಏ ಆಯಾ, ಗೇಟ್ ತೆಗಿ" ಎನ್ನುತ್ತಿದ್ದವರು "ಪಟ್ಟಲಮ್ಮ, ಊಟ ಆಯ್ತಾ" ಎಂದು ಕೇಳತೊಡಗಿದರು. ಬೆಳಿಗ್ಗೆ ಗೇಟಿನ ಬಳಿ ನುಗ್ಗೇಕಾಯಿ, ಸೀಮೆಬದನೆ, ತೆಂಗಿನಕಾಯಿ ಬಂದವು. ಒಬ್ಬ ತಾಯಿ ತನ್ನ ಮಗ ಎಷ್ಟು ವಿನಯವಂತನೆಂದು ಹತ್ತು ನಿಮಿಷ ವಿವರಿಸುವಷ್ಟರಲ್ಲಿ, ಆ ವಿನಯವಂತ ಅವಳ ಬೆನ್ನ ಹಿಂದೆಯೇ ಇನ್ನೊಬ್ಬನ ಕೂದಲು ಹಿಡಿದುಕೊಂಡಿದ್ದ.

ಪಟ್ಟಲಮ್ಮನಿಗೆ ಇದೆಲ್ಲ ಹಿತವಾಗಲಿಲ್ಲ ಎಂದರೆ ಸುಳ್ಳಾದೀತು. ಅವಳು ನಿಧಾನವಾಗಿ ನಡೆಯಲು ಕಲಿತಳು. ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡದೆ, "ನೋಡಾನ" ಎನ್ನಲು ಕಲಿತಳು. ನುಗ್ಗೇಕಾಯಿಯನ್ನು ಬೇಡವೆನ್ನಲಿಲ್ಲ. ಮಹದೇವು ರಾತ್ರಿ ಸಾರು ಸುರಿದುಕೊಳ್ಳುತ್ತ, "ಏನಮ್ಮಿ, ತಾಲ್ಲೂಕ್ ಆಪೀಸ್ನೋರ್ ಅಂಗೆ ಆಗೋದೆಯಲ್ಲ," ಎಂದ. ಅವಳು, "ಅವ್ರು ಈಸ್ಕಂಡು ಕೆಲ್ಸ ಮಾಡ್ಕೊಡ್ತಾರೆ. ನಾನು ಈಸ್ಕಂಡು ಬುಡ್ತೀನಿ, ಅಷ್ಟೇಯ," ಎಂದಳು.

ಒಂದೇ ಒಂದು ಸಲ ಅವಳು ಮಾತು ತಪ್ಪಿದಳು. ಚಿಕ್ಕಬೋರಮ್ಮ ಎಂಬ ಮುದುಕಿ ಮೊಮ್ಮಗ ಪುನೀತನಿಗಾಗಿ ಬಂದಿದ್ದಳು. ಕೈಯಲ್ಲಿ ಏನೂ ತಂದಿರಲಿಲ್ಲ. "ಅವ್ನು ತಿನ್ನೋದ್ರಲ್ಲಿ ಸ್ವಲ್ಪ ಅವಸರದೋನು ಕಣವ್ವ. ಅದ್ನ ಮಾತ್ರ ಬರೀಬ್ಯಾಡಿ, ಜನ ನಗ್ತಾರೆ," ಎಂದಷ್ಟೇ ಕೇಳಿದಳು. ಪುನೀತ ಬೇರೆಯವರ ಟಿಫನ್ ಬಾಕ್ಸಿಗೆ ಕೈಹಾಕುವುದರಲ್ಲಿ ಶಾಲೆಗೇ ಹೆಸರಾದವನು. ಪಟ್ಟಲಮ್ಮ ನಯನಳಿಗೆ, "ಅಂಚ್ಕಂಡು ತಿಂತಾನೆ ಅಂತ ಬರ್ಕಳಿ," ಎಂದು ಬೇರೆ ಕಡೆ ನೋಡಿದಳು. ಒಂದರ್ಥದಲ್ಲಿ ಅದು ನಿಜವೂ ಆಗಿತ್ತು, ಹಂಚುವವರು ಯಾರು ಎಂಬುದನ್ನು ಬಿಟ್ಟರೆ.

ಆಮೇಲೆ ಶಿವರಾಮು ಬಂದರು. ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವರು, ಪೋಷಕರ ಸಂಘದ ಅಧ್ಯಕ್ಷರು. ಅವರ ಮಗಳು ಗಗನ ನಾಲ್ಕನೇ ಕ್ಲಾಸು. ಸೋಫಾದಲ್ಲಿ ಕೂರುವವರಲ್ಲಿ ಮೊದಲನೆಯವರು ಅವರೇ. ಅವರು ಗೇಟಿನ ಬಳಿ ಬರಲಿಲ್ಲ. ಭಾನುವಾರ ಕಾರಿನಲ್ಲಿ ಪಟ್ಟಲಮ್ಮನ ಕೇರಿಗೇ ಬಂದರು. ಆ ಕೇರಿಗೆ ಅವರು ಅದಕ್ಕೆ ಮುಂಚೆ ಬಂದದ್ದು ಪಂಚಾಯಿತಿ ಚುನಾವಣೆಯಲ್ಲಿ, ಆಗಲೂ ಬೀದಿಯ ತಿರುವಿನಲ್ಲೇ ಕೈಮುಗಿದು ಹೋಗಿದ್ದರು.

"ಪಟ್ಟಲಕ್ಕ, ಚೆನ್ನಾಗಿದೀಯ," ಎಂದರು.

ಪಟ್ಟಲಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಒಳಗೆ ಹೋಗಿ ಕಾಫಿ ಮಾಡಿ ತಂದಳು. ಶಿವರಾಮು ಲೋಟ ನೋಡಿ, "ನನಗೆ ಗ್ಯಾಸ್ಟ್ರಿಕ್ಕು ಕಣಕ್ಕ, ಡಾಕ್ಟ್ರು ಬೇಡ ಅಂದವ್ರೆ," ಎಂದರು.

"ಅಂಗಾದ್ರೆ ಬುಡಿ ಗೌಡ್ರೇ. ಏನ್ ಬಂದಿದ್ದು?"

"ಗಗನಂಗೆ ಆಲ್‌ರೌಂಡರ್ ಅಂತ ಕೊಡ್ಬೇಕು ಅಂತ ಎಲ್ರೂ ಹೇಳ್ತಾವ್ರೆ."

"ನಂಗ್ಯಾರೂ ಏಳಿಲ್ಲ," ಎಂದು ಪಟ್ಟಲಮ್ಮ ಲೋಟವನ್ನು ತನ್ನ ಕಡೆಗೆ ಎಳೆದುಕೊಳ್ಳಲು ಕೈಚಾಚಿದಳು.

ಶಿವರಾಮು ಲೋಟ ಎತ್ತಿಕೊಂಡು ಕುಡಿದರು. ಪೂರ್ತಿ ಕುಡಿದರು. ಕಿಟಕಿಯಲ್ಲಿ ನಿಂತಿದ್ದ ಪಕ್ಕದ ಮನೆಯವರು ಅದನ್ನು ನೋಡಿದರು. ಕೇರಿಯಲ್ಲಿ ವಾರಗಟ್ಟಲೆ ಅದೇ ಮಾತಾಯಿತು. ಗ್ಯಾಸ್ಟ್ರಿಕ್ಕಿಗೆ ಬಹುಮಾನಕ್ಕಿಂತ ಒಳ್ಳೆಯ ಔಷಧಿಯಿಲ್ಲ ಎಂದು ಮಹದೇವು ಆಲೆಮನೆಯಲ್ಲಿ ಹೇಳಿಕೊಂಡು ತಿರುಗಿದ.

ಗಗನಳ ಬಗ್ಗೆ ಪಟ್ಟಲಮ್ಮನಿಗೆ ಗೊತ್ತಿದ್ದ ದೊಡ್ಡ ವಿಷಯ ಬೇರೆಯೇ ಇತ್ತು. ಹಿಂದಿನ ಆಗಸ್ಟ್ ತಿಂಗಳಲ್ಲಿ ಅಂಗಳದಲ್ಲಿ ಮೂರ್ತಿಯಿಡಲು ಕಟ್ಟಿದ್ದ ಮೇರಿ ಮಾತೆಯ ಗವಿಯ ಗಾಜು ಒಡೆದಿತ್ತು. ಆ ಹೊತ್ತಿಗೆ ಅಲ್ಲಿ ಉದ್ದ ಕೋಲಿನಿಂದ ಜೇಡರ ಬಲೆ ತೆಗೆಯುತ್ತಿದ್ದವಳು ಪಟ್ಟಲಮ್ಮ. ಸಿಸ್ಟರ್ ಅವಳನ್ನು ಕರೆದು, "ಪರವಾಗಿಲ್ಲ, ಮುಂದೆ ಜಾಗ್ರತೆ," ಎಂದಿದ್ದರು. ಅವಳು ಒಡೆದಿಲ್ಲ ಎಂದಳು. ಸಿಸ್ಟರ್ ಮತ್ತೆ "ಪರವಾಗಿಲ್ಲ" ಎಂದರು. ಅವಳು ಮತ್ತೆ ಒಡೆದಿಲ್ಲ ಎಂದಳು. ಕ್ಷಮಿಸಲೇಬೇಕೆಂದು ತೀರ್ಮಾನಿಸಿದವರ ಮುಂದೆ ತಪ್ಪು ಮಾಡಿಲ್ಲವೆಂದು ಸಾಧಿಸುವುದು ಬಹಳ ಕಷ್ಟ. ಮಾರನೆಯ ಬೆಳಿಗ್ಗೆ ಗಗನ ಒಬ್ಬಳೇ ಸಿಸ್ಟರ್ ಕೋಣೆಯ ಬಾಗಿಲಲ್ಲಿ ನಿಂತು, ಗಾಜಿಗೆ ಚೆಂಡು ಎಸೆದದ್ದು ತಾನು, ಆಯಮ್ಮ ಅಲ್ಲ ಎಂದು ಹೇಳಿದಳು. ಸಂಘದ ಅಧ್ಯಕ್ಷರ ಮಗಳಾದ್ದರಿಂದ ಮನೆಗೆ ಚೀಟಿ ಹೋಗಲಿಲ್ಲ. ಸಿಸ್ಟರ್ ಅವಳಿಗೊಂದು ಚಾಕಲೇಟು ಕೊಟ್ಟು ಕಳಿಸಿದರು. ಪಟ್ಟಲಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಅವಳು ಬಾಗಿಲ ಹೊರಗೆ ಕಸ ಗುಡಿಸುತ್ತಿದ್ದುದರಿಂದ ಎಲ್ಲ ಕೇಳಿಸಿಕೊಂಡಳು.

ಸೋಮವಾರ ಆಟದ ಹೊತ್ತಿನಲ್ಲಿ ಅವಳು ಗಗನಳನ್ನು ಕರೆದಳು. "ಗಾಜಿಂದು ಬರೆಸಾಣ ಅಂತಿವ್ನಿ ಮಗಾ. ಬೇಡ ಅಂದ್ರೆ ಬುಟ್ಬುಡ್ತೀನಿ."

ಗಗನ ಸ್ವಲ್ಪ ಯೋಚಿಸಿದಳು. "ಸ್ಟೇಜ್ ಮೇಲೆ ಓದ್ತಾರಾ?"

"ಓದ್ತಾರೆ."

"ಅಪ್ಪನೂ ಇರ್ತಾರೆ."

"ಇರ್ತಾರೆ. ಪತ್ರ ಕೊಡೋರೇ ಅವ್ರು."

"ಬರೆಸಿ," ಎಂದು ಹುಡುಗಿ ಓಡಿಹೋದಳು.

ಮಾರ್ಚ್ ಕೊನೆಯ ಶನಿವಾರ ಸಂಜೆ ನಾಲ್ಕಕ್ಕೆ ಸಮಾರಂಭ. ಮೊದಲು ಯುಕೆಜಿ ಮಕ್ಕಳ ಪದವಿ ಪ್ರದಾನ. ಅಕ್ಷರ ಕಲಿತ ಇಪ್ಪತ್ತೆಂಟು ಪದವೀಧರರಿಗೆ ಮಂಡ್ಯದ ನಾಟಕದ ಉಡುಪಿನ ಅಂಗಡಿಯಿಂದ ಕರಿ ಗೌನು, ಚೌಕ ಟೋಪಿ ತರಿಸಿದ್ದರು. ಟೋಪಿಗಳು ಕಿವಿಯವರೆಗೆ ಇಳಿದವು. ಎರಡು ಗೌನು ಕಡಿಮೆ ಬಿದ್ದದ್ದಕ್ಕೆ ಅಂಗಡಿಯವನು ಯಮಧರ್ಮನ ನಿಲುವಂಗಿ ಕಳಿಸಿದ್ದ, ಅಂಚಿಗೆ ಕೆಂಪು ಜರಿ ಇತ್ತು. ಆ ಇಬ್ಬರು ಮಕ್ಕಳ ತಾಯಂದಿರು, ತಮ್ಮ ಮಕ್ಕಳಿಗೆ ಹೆಚ್ಚಿನ ಪದವಿ ಕೊಟ್ಟಿದ್ದಾರೆಂದು ಭಾವಿಸಿ ಫೋಟೋ ತೆಗೆಸಿಕೊಂಡರು. ಸೆಕೆಗೆ ಒಬ್ಬ ಪದವೀಧರ ಚಡ್ಡಿಯಲ್ಲೇ ಮಾಡಿಕೊಂಡ. ಪಟ್ಟಲಮ್ಮ ಅವನನ್ನು ಎತ್ತಿಕೊಂಡು ಹೋಗಿ ತೊಳೆದು, ಗೌನಿನೊಳಗೆ ಬರಿಮೈಯಲ್ಲಿ ವಾಪಸು ನಿಲ್ಲಿಸಿದಳು. ಪದವಿಗೆ ಏನೂ ಅಡ್ಡಿಯಾಗಲಿಲ್ಲ.

ಮುಖ್ಯ ಅತಿಥಿಯಾಗಿ ಬಂದಿದ್ದ ನಿವೃತ್ತ ಅಧಿಕಾರಿಯೊಬ್ಬರು, ಮಕ್ಕಳಿಗೆ ಮಾತಿಗಿಂತ ಆಟ ಮುಖ್ಯ ಎಂಬುದರ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ಎಲ್‌ಕೆಜಿಯ ಅರ್ಧ ಭಾಗ ನಿದ್ದೆಹೋಯಿತು.

ಆಮೇಲೆ ಪ್ರಶಸ್ತಿಗಳು. ನಯನ ಮೈಕಿನಲ್ಲಿ ಮಗುವಿನ ಹೆಸರು, ಆಮೇಲೆ ಪತ್ರದಲ್ಲಿದ್ದ ಒಂದು ಸಾಲು ಓದುತ್ತಿದ್ದಳು. ಸಾಲುಗಳನ್ನು ಕನ್ನಡದಲ್ಲೇ ಇರಿಸಬೇಕೆಂದು ಹಟ ಹಿಡಿದವಳೂ ಅವಳೇ. ಪತ್ರ ಕೊಡುವವರು ಅಧ್ಯಕ್ಷ ಶಿವರಾಮು. "ಅಶೋಕ್. ಚಿಕ್ಕವರನ್ನು ಮುಂದೆ ಬಿಟ್ಟು ಕೊನೆಯಲ್ಲಿ ವ್ಯಾನು ಹತ್ತುವವನು." ಹಿಂದಿನ ಸಾಲಿನಲ್ಲಿ ಕೂತಿದ್ದ ಅಶೋಕನ ಅಪ್ಪ, ಬಾಡಿಗೆ ಟ್ರ್ಯಾಕ್ಟರ್ ಓಡಿಸುವವನು, ಎದ್ದು ನಿಂತುಬಿಟ್ಟ. ಮತ್ತೆ ಕೂರುವುದನ್ನು ಮರೆತ. ಪುನೀತನ ಸಾಲು ಬಂದಾಗ ಅವನ ಕ್ಲಾಸಿನ ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುನೀತನೂ ಪತ್ರವನ್ನು ತಿರುಗಿಸಿ ಹೆಸರು ತನ್ನದೇ ಎಂದು ಖಾತ್ರಿ ಮಾಡಿಕೊಂಡ. ಜನ ಮೊದಮೊದಲು ನಕ್ಕರು, ಆಮೇಲೆ ಸದ್ದು ಮಾಡದೆ ಕೇಳತೊಡಗಿದರು. ತಮ್ಮ ಮಕ್ಕಳು ಹಗಲೆಲ್ಲ ಏನು ಮಾಡುತ್ತಾರೆಂಬುದು ಅನೇಕರಿಗೆ ಅವತ್ತೇ ಗೊತ್ತಾದದ್ದು.

"ಗಗನ ಎಸ್. ಮಾತೆಯ ಗವಿಯ ಗಾಜು ಒಡೆದದ್ದು ತಾನೇ ಎಂದು, ಯಾರೂ ಕೇಳದಿದ್ದರೂ ಬಂದು ಒಪ್ಪಿಕೊಂಡವಳು."

ಶಿವರಾಮು ಪತ್ರ ಹಿಡಿದ ಕೈಯನ್ನು ಮುಂದೆ ಚಾಚಿದ್ದರು, ಅಲ್ಲೇ ನಿಲ್ಲಿಸಿದರು. ನಯನಳ ಕೈಯಿಂದ ಮೈಕು ತೆಗೆದುಕೊಂಡರು. "ಒಂದ್ನಿಮ್ಸ. ಇದು ತಪ್ಪಾಗೈತೆ. ನನ್ನ ಮಗ್ಳು ಯಾವ ಗಾಜೂ ಒಡ್ದಿಲ್ಲ. ನಮ್ಮನೇಲಿ ಅಂಥಾ ಸಂಸ್ಕಾರ ಇಲ್ಲ."

ಗಗನ ಮೈಕಿನ ಎತ್ತರಕ್ಕೆ ಕುತ್ತಿಗೆ ಚಾಚಿದಳು. "ಒಡ್ದೆ ಅಪ್ಪ. ನಾನೇ."

ಶಿವರಾಮು ಮಗಳ ಕಡೆ ತಿರುಗಿದರು.

"ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ?" ಮೈಕು ಇನ್ನೂ ಚಾಲೂ ಇರುವುದನ್ನು ಶಿವರಾಮು ಮರೆತಿದ್ದರು.

"ಹೇಳಿದ್ರೆ ನೀವು ಸ್ಕೂಲಿಗೆ ಬಂದು ಜಗಳ ಆಡ್ತಿದ್ರಿ. ಆಯಮ್ಮಂದೇ ತಪ್ಪು, ಕೆಲಸದಿಂದ ತೆಗೀರಿ ಅಂತಿದ್ರಿ."

ಯಾರೋ ಹಿಂದಿನಿಂದ ನಕ್ಕರು. ಆಮೇಲೆ ಚಪ್ಪಾಳೆ ಶುರುವಾಯಿತು. ಅದು ಹುಡುಗಿಗೋ, ಅಧ್ಯಕ್ಷರ ಮುಖಕ್ಕೋ ಹೇಳುವುದು ಕಷ್ಟ. ಸಿಸ್ಟರ್ ಲವೀನಾ ಎದ್ದು ಬಂದು ಮೈಕು ಈಸಿಕೊಂಡರು. ಏನೋ ಒಂದು ಸಮಾಧಾನದ ಮಾತು ಹೇಳಿ ಮುಂದಿನ ಹೆಸರಿಗೆ ಹೋಗಬಹುದಿತ್ತು. ಅವರು ವೇದಿಕೆಯ ಕೆಳಗೆ ಬಕೆಟ್ಟು ಹಿಡಿದು ನಿಂತಿದ್ದ ಪಟ್ಟಲಮ್ಮನನ್ನು ನೋಡಿ, "ಆಗಸ್ಟಿನಲ್ಲಿ ನಾನು ಇವರನ್ನು ಅನುಮಾನಿಸಿದೆ. ಕ್ಷಮೆ ಕೇಳಲಿಲ್ಲ. ಈಗ ಕೇಳುತ್ತೇನೆ," ಎಂದರು.

ಏಳು ತಿಂಗಳ ಹಿಂದೆ ಪಟ್ಟಲಮ್ಮ ಬಾಗಿಲ ಹೊರಗೆ ಕೇಳಲು ಕಾದಿದ್ದ ಮಾತು ಅದು. ಈಗ ಆರುನೂರು ಜನರ ಮುಂದೆ ಬಂದಾಗ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. "ಆಯ್ತು ಬುಡಿ ಸಿಸ್ಟ್ರೇ, ಐಕ್ಳು ಅಸ್ಕಂಡವೆ, ಬೇಗ್ ಮುಗಿಸಿ," ಎಂದು ಬಕೆಟ್ಟು ಎತ್ತಿಕೊಂಡು ಹೋದಳು. ಕಕ್ಕಸಿನ ಪಕ್ಕ ನಿಂತು ಸೆರಗಿನಿಂದ ಕಣ್ಣೊರಸಿಕೊಂಡದ್ದನ್ನು ನಯನ ವೇದಿಕೆಯ ಮೇಲಿಂದ ನೋಡಿದಳು.

ಏಪ್ರಿಲ್‌ನಲ್ಲಿ ಶಿವರಾಮು ಬಿಷಪ್ಪರ ಕಚೇರಿಗೆ ಮೂರು ಪುಟದ ದೂರು ಕಳಿಸಿದರು. ಮೇ ತಿಂಗಳಲ್ಲಿ ಸಿಸ್ಟರ್ ಲವೀನಾ ಹಾಸನದ ಕಡೆಯ ಶಾಲೆಯೊಂದಕ್ಕೆ ವರ್ಗವಾದರು. ಅವರ ವರ್ಗದ ಕಾಗದ ಫೆಬ್ರವರಿಯಲ್ಲೇ ಬಂದು ಅವರ ಮೇಜಿನ ಡ್ರಾಯರಿನಲ್ಲಿತ್ತು. ಶಿವರಾಮುಗೆ ಅದು ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಅವರು ಅದನ್ನು ನಂಬಲಿಲ್ಲ. ಒಬ್ಬ ಪ್ರಿನ್ಸಿಪಾಲರನ್ನೇ ಎತ್ತಂಗಡಿ ಮಾಡಿಸಿದ ಗಟ್ಟಿಗರೆಂದು ಸಂಘಕ್ಕೆ ಅವಿರೋಧವಾಗಿ ಮತ್ತೆ ಅಧ್ಯಕ್ಷರಾದರು. ಗಗನಳ ಪತ್ರವನ್ನು ಅವರು ಹರಿದುಹಾಕಲಿಲ್ಲ. ಅವರ ಹೆಂಡತಿ ಅದನ್ನು ಕಟ್ಟು ಹಾಕಿಸಿ ದೇವರ ಮನೆಯಲ್ಲಿ ತೂಗುಹಾಕಿದರು. ಗಾಜು ಹಾಕಿಸುವುದು ಬೇಡವೆಂದು ಶಿವರಾಮು ಹೇಳಿದ್ದರಂತೆ, ಆದರೂ ಆಕೆ ಹಾಕಿಸಿದರು.

ಪುನೀತನ ಪಾಡು ಬೇರೆಯಾಯಿತು. ಜೂನಿನಲ್ಲಿ ಶಾಲೆ ತೆರೆದ ಮೊದಲ ದಿನವೇ ಅವನ ಕ್ಲಾಸಿನವರು ಮಧ್ಯಾಹ್ನ ಅವನ ಸುತ್ತ ಬಂದು ಕೂತು, "ನೀನು ಅಂಚ್ಕಂಡು ತಿನ್ನೋನಲ್ವೇನ್ಲಾ, ಸರ್ಟಿಫಿಕೇಟ್ ಐತೆ," ಎಂದರು. ಅವನು ಪಟ್ಟಲಮ್ಮನ ಕಡೆ ನೋಡಿದ. ಅವಳು ನೋಡಲಿಲ್ಲ. ಬಾಕ್ಸಿನ ಚಪಾತಿ ನಾಲ್ಕು ಭಾಗವಾಯಿತು. ಅಂದಿನಿಂದ ದಿನಾ ಹಾಗೆಯೇ. ಚಿಕ್ಕಬೋರಮ್ಮ ಈಗ ಬೆಳಿಗ್ಗೆ ಆರು ಚಪಾತಿ ಹೆಚ್ಚು ಬೇಯಿಸುತ್ತಾಳೆ, ಪಟ್ಟಲಮ್ಮನನ್ನು ಕಂಡಾಗ ಹರಸುವುದೋ ಬಯ್ಯುವುದೋ ತಿಳಿಯದೆ ಎರಡನ್ನೂ ಮಾಡುತ್ತಾಳೆ.

ಹೊಸ ಸಿಸ್ಟರ್ ಶಾಂತ ಸ್ವಭಾವದವರು. ಮುಂದಿನ ಮಾರ್ಚ್‌ನಲ್ಲಿ ಅವರು ಪ್ರಶಸ್ತಿಪತ್ರಗಳನ್ನು ಮಂಡ್ಯದ ಪ್ರೆಸ್ಸಿನಲ್ಲಿ ಒಟ್ಟಿಗೆ ಅಚ್ಚು ಹಾಕಿಸಿದರು. ಎಲ್ಲದರಲ್ಲೂ 'ಉತ್ತಮ ವಿದ್ಯಾರ್ಥಿ' ಎಂದಿತ್ತು. ಹೆಸರಿಗೆ ಜಾಗ ಬಿಟ್ಟಿತ್ತು. ಯಾರಿಗೂ ಬೇಜಾರಾಗಲಿಲ್ಲ, ಯಾರೂ ಎದ್ದು ನಿಲ್ಲಲೂ ಇಲ್ಲ. ಆದರೆ ಸಮಾರಂಭ ಮುಗಿದ ಮೇಲೆ ಹತ್ತಾರು ತಾಯಂದಿರು ಗೇಟಿನ ಬಳಿ ತಡೆದು ತಡೆದು ನಿಂತರು. ಒಬ್ಬಳು ಕೇಳಿಯೇ ಬಿಟ್ಟಳು. "ಪಟ್ಟಲಮ್ಮ, ನೀನಾಗಿದ್ರೆ ನಮ್ಮ ಹುಡುಗಂಗೆ ಏನು ಬರೆಸ್ತಿದ್ದೆ?" ಪಟ್ಟಲಮ್ಮ ಹೇಳಿದಳು. ಆಮೇಲೆ ಇನ್ನೊಬ್ಬಳು ಬಂದಳು. ಕತ್ತಲಾಗುವವರೆಗೂ ಅವಳಿಗೆ ಗೇಟಿಗೆ ಬೀಗ ಹಾಕಲಾಗಲಿಲ್ಲ.

ಅದೇ ವಾರ ಹಾಸನದ ಕಡೆಯಿಂದ ಸಿಸ್ಟರ್ ಲವೀನಾ ಅವಳ ಮೊಬೈಲಿಗೆ ಫೋನು ಮಾಡಿದರು. "ಇಲ್ಲಿಯೂ ಹಾಗೆಯೇ ಮಾಡೋಣವೆಂದಿದ್ದೇನೆ ಪಟ್ಟಲಮ್ಮ. ಆದರೆ ಇಲ್ಲಿನ ಆಯಾ ಏನೂ ಹೇಳುವುದೇ ಇಲ್ಲ, ತಲೆ ತಗ್ಗಿಸಿಕೊಂಡು ಹೋಗ್ತಾಳೆ. ಹೇಗೆ ಮಾತಾಡಿಸುವುದು?"

"ಆಯಮ್ಮನ್ ಎಸ್ರೇನು ಸಿಸ್ಟ್ರೇ?" ಎಂದು ಪಟ್ಟಲಮ್ಮ ಕೇಳಿದಳು.

ಮತ್ತೆ ಮಾಡುತ್ತೇನೆಂದು ಸಿಸ್ಟರ್ ಫೋನಿಟ್ಟರು. ಹತ್ತು ನಿಮಿಷದ ಮೇಲೆ ಮಾಡಿದರು. ಆ ಹೆಂಗಸಿನ ಹೆಸರು ಮುದ್ದಮ್ಮ, ಆ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾಳೆ, ಈಗ ತಮ್ಮ ಎದುರಿಗೇ ಕೂತಿದ್ದಾಳೆ ಎಂದರು.

"ಪೋನು ಅವ್ಳ್ ಕೈಗ್ ಕೊಡಿ, ನಾನ್ ಮಾತಾಡ್ತೀನಿ," ಎಂದು ಪಟ್ಟಲಮ್ಮ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.